ಪ್ರಸಿದ್ಧ ಚಿತ್ರದ ಪ್ರತಿ ಬರೆಸುವ ಮುನ್ನ

ತೊಕ್ಕೊಟ್ಟಿನಲ್ಲಿ ಹೊಸ ಮನೆ ಕಟ್ಟಿ, ಚಾವಡಿಗೆ ಪ್ರಸಿದ್ಧ ಚಿತ್ರವೊಂದರ ಕೈಯಲ್ಲಿ ಬರೆದ ಪ್ರತಿ ಹಾಕಬೇಕೆಂದಿದ್ದೀರಾ? ಮೊದಲು ಮೂಲ ಯಾರದೆಂದು ತಿಳಿದುಕೊಳ್ಳಿ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿರುವ ದೀಪ ಹಿಡಿದ ಹೆಣ್ಣಿನ ಚಿತ್ರ ರವಿವರ್ಮರದೆಂದೇ ಬಹಳ ಜನ ನಂಬಿದ್ದಾರೆ. ಅದು ಎಸ್.ಎಲ್. ಹಲ್ದಣಕರ್ ತಮ್ಮ ಮಗಳನ್ನೇ ನಿಲ್ಲಿಸಿ ಬರೆದ ಜಲವರ್ಣ ಚಿತ್ರ.

ಹೆಸರು ಯಾಕೆ ಮುಖ್ಯವೆಂದರೆ, ನಮ್ಮಲ್ಲಿ ಕಲಾವಿದ ತೀರಿಕೊಂಡ ಮರುವರ್ಷದಿಂದ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. ಮಂಗಳೂರಿನ ಸಂತ ಅಲೋಶಿಯಸ್ ಚಾಪೆಲ್‌ನ ಚಿತ್ರಗಳನ್ನು ಬರೆದ ಮೊಸ್ಕೆನಿ ತೀರಿಕೊಂಡದ್ದು 1905ರಲ್ಲಿ, ರವಿವರ್ಮ 1906ರಲ್ಲಿ. ಇವರ ಚಿತ್ರಗಳನ್ನು ಯಾರು ಬೇಕಾದರೂ ಬರೆದು ಮಾರಬಹುದು. ಹಲ್ದಣಕರ್ ತೀರಿಕೊಂಡದ್ದು 1968ರಲ್ಲಿ, ಹಾಗಾಗಿ 2028ರ ಕೊನೆಯವರೆಗೆ ಹಕ್ಕುದಾರರ ಒಪ್ಪಿಗೆ ಬೇಕು. ನಮ್ಮ ಕಟ್ಟಿಂಗೇರಿಯ ಕೆ.ಕೆ. ಹೆಬ್ಬಾರರ ಚಿತ್ರಗಳಿಗೆ 2056ರವರೆಗೂ ಬೇಕು.

ಸಿದ್ಧ ಚಿತ್ರ ಕೊಳ್ಳುವಾಗ ಎಚ್ಚರ. ಪ್ರಿಂಟಿನ ಮೇಲೆ ಪಾರದರ್ಶಕ ಜೆಲ್ ಬಳಿದು ಕೈಯಲ್ಲಿ ಬರೆದದ್ದೆಂದು ಮಾರುವವರಿದ್ದಾರೆ. ಲೈಟು ಆರಿಸಿ, ಪಕ್ಕದಿಂದ ಟಾರ್ಚ್ ಬಿಡಿ. ನಿಜವಾಗಿ ಬರೆದದ್ದಾದರೆ ಕುಂಚದ ಗೆರೆ ಸೀರೆಯ ನೆರಿಗೆ ಹೋದತ್ತಲೇ ಹೋಗುತ್ತದೆ, ಒಡವೆಯ ಹೊಳಪು ತುಸು ಉಬ್ಬಿರುತ್ತದೆ. ಜೆಲ್ ಬಳಿದದ್ದರಲ್ಲಿ ಗೆರೆಗೂ ನೆರಿಗೆಗೂ ಸಂಬಂಧವೇ ಇರುವುದಿಲ್ಲ.

ಬರೆಸುವುದಾದರೆ ಅಳತೆ, ತೈಲವೋ ಅಕ್ರಿಲಿಕ್ಕೋ, ಚೌಕಟ್ಟಿನ ಖರ್ಚು ಯಾರದು ಎಂಬುದನ್ನೆಲ್ಲ ಮುಂಗಡ ಕೊಡುವಾಗಲೇ ಬರೆಸಿಕೊಳ್ಳಿ. ಮುಖ ಮುಗಿದಾಗ ಹೋಗಿ ನೋಡಿ. ಪ್ರತಿ ಸೋಲುವುದು ಹೆಚ್ಚಾಗಿ ಕಣ್ಣು, ತುಟಿಗಳಲ್ಲೇ. ತೈಲವರ್ಣ ಪೂರ್ತಿ ಒಣಗಲು ತಿಂಗಳುಗಳೇ ಬೇಕು, ಮನೆ ಒಕ್ಕಲು ಹತ್ತಿರ ಬಂದಾಗ ಅವಸರ ಮಾಡಬೇಡಿ.

ಬರೆದು ಮಾರುವವರು ಮೂಲ ಕಲಾವಿದರ ಸಹಿಯನ್ನು ಯಾವ ಕಾರಣಕ್ಕೂ ಹಾಕಬಾರದು. ಕ್ಯಾನ್ವಾಸಿನ ಹಿಂದೆ ‘ರವಿವರ್ಮರ ಇಂಥ ಚಿತ್ರದ ಪ್ರತಿ’ ಎಂದು ತಮ್ಮ ಹೆಸರು, ವರ್ಷದೊಂದಿಗೆ ಅಳಿಸಲಾಗದಂತೆ ಬರೆಯಬೇಕು, ಬಿಲ್ಲಿನಲ್ಲೂ ಹಾಗೆಯೇ ನಮೂದಿಸಬೇಕು. ಇಂದು ಕೊಂಡವರಿಗೆ ಅದು ಪ್ರತಿಯೆಂದು ಗೊತ್ತು, ಅವರ ಮೊಮ್ಮಕ್ಕಳಿಂದ ಕೊಳ್ಳುವವರಿಗೆ ಹೇಗೆ ಗೊತ್ತಾಗಬೇಕು? ಗಲ್ಫಿಗೆ ಒಯ್ಯುವವರಿಗೂ ಈ ಬರಹ ನೆರವಾಗುತ್ತದೆ. ರವಿವರ್ಮರ ಮೂಲ ಚಿತ್ರಗಳು 1979ರಿಂದ ರಾಷ್ಟ್ರದ ಕಲಾನಿಧಿ, ದೇಶದಿಂದಾಚೆ ಮಾರಿ ಕಳಿಸುವಂತಿಲ್ಲ. ಪ್ರತಿಯನ್ನು ಒಯ್ಯಲು ಸುರುಳಿ ಸುತ್ತುವಾಗ ಬಣ್ಣದ ಬದಿ ಹೊರಗಿರಲಿ.

ಇನ್ನು ತೂಗುಹಾಕುವ ಗೋಡೆ. ಆಟಿಯ ಮಳೆಗೆ ಇಲ್ಲಿ ಗೋಡೆಗಳು ಬೆವರುತ್ತವೆ. ಚೌಕಟ್ಟಿನ ಹಿಂದೆ ನಾಲ್ಕೂ ಮೂಲೆಗೆ ಕಾರ್ಕಿನ ತುಂಡು ಅಂಟಿಸಿದರೆ ಗಾಳಿಯಾಡುತ್ತದೆ. ಬೂಷ್ಟು ಕಂಡರೆ ಒದ್ದೆ ಬಟ್ಟೆ ತಾಗಿಸಬೇಡಿ, ಬರೆದವರಿಗೇ ತೋರಿಸಿ.