ಜಿಂಜರ್ಲಿಯಲ್ಲಿ ಶುಂಠಿಯಿಲ್ಲ

ಮಕ್ಕಳೇ, ನಮ್ಮ ಶನಿವಾರಸಂತೆ ಸುತ್ತಿನವರಿಗೆ ‘ಜಿಂಜರ್’ ಅಂದರೇನೆಂದು ಯಾರೂ ಹೇಳಿಕೊಡಬೇಕಿಲ್ಲ. ಬಿತ್ತನೆ ಶುಂಠಿ ನೆಡುವುದರಿಂದ ಹಿಡಿದು 60 ಕಿಲೋ ಚೀಲಕ್ಕೆ ಇವತ್ತೇನು ರೇಟು ಎಂಬುದರವರೆಗೆ ನಿಮಗೆ ಗೊತ್ತು. ಅದಕ್ಕೇ ಇಂಗ್ಲಿಷ್ ಪಾಠದಲ್ಲಿ ‘ಜಿಂಜರ್ಲಿ’ ಎಂಬ ಕ್ರಿಯಾವಿಶೇಷಣ ಬಂದರೆ ನೀವೇ ಮೊದಲು ಎಡವುವವರು. ಖಾರವಾಗಿ, ಘಾಟಾಗಿ ಅಂದುಕೊಳ್ಳುತ್ತೀರಿ. ಅದರ ಅರ್ಥ ಮೆಲ್ಲಗೆ, ಹುಷಾರಾಗಿ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು ಇಳಿಯುತ್ತೀರಲ್ಲ, ಹಾಗೆ.

ಈ ಪದ ಇಂಗ್ಲಿಷ್ ಬರಹಕ್ಕೆ ಬಂದದ್ದು 16ನೇ ಶತಮಾನದ ಮೊದಲ ಭಾಗದಲ್ಲಿ. ಆಗ ಅದು ಕುಣಿಯುವವರ ನಾಜೂಕಾದ ಪುಟ್ಟ ಹೆಜ್ಜೆಗೆ ಹೇಳುವ ಮಾತು. ನೂರು ವರ್ಷ ಕಳೆಯುವಷ್ಟರಲ್ಲಿ ನಾಜೂಕು ಹಿಂದೆ ಸರಿದು ಎಚ್ಚರ ಮುಂದೆ ಬಂತು. ಸೊಗಸಾದ, ನಯವಾದ ಎಂಬರ್ಥದ ಹಳೆಯ ಫ್ರೆಂಚ್ ಪದವೊಂದು ಇದರ ಮೂಲವಿರಬಹುದೆಂದು ನಿಘಂಟುಕಾರರ ಊಹೆ. ಅದು ಸರಿಯಾದರೆ ‘ಜೆಂಟಲ್’ ಇದಕ್ಕೆ ದೂರದ ನೆಂಟ. ಶುಂಠಿಗೂ ಇದಕ್ಕೂ ಸಂಬಂಧವಿಲ್ಲ.

ಶುಂಠಿಯ ‘ಜಿಂಜರ್’ ನಡೆದ ದಾರಿ ನನಗೆ ಇನ್ನೂ ಇಷ್ಟ. ಇಂಗ್ಲಿಷಿನಿಂದ ಹಿಂದಕ್ಕೆ ಹೋದರೆ ಲ್ಯಾಟಿನ್, ಅದರ ಹಿಂದೆ ಗ್ರೀಕಿನ ‘ಜಿಂಗಿಬೆರಿಸ್’, ಅದಕ್ಕೂ ಹಿಂದೆ ಪಾಲಿಯ ‘ಸಿಂಗಿವೇರ’, ಸಂಸ್ಕೃತದ ‘ಶೃಂಗವೇರ’. ಶೃಂಗವೆಂದರೆ ಕೊಂಬು, ಗಡ್ಡೆ ಕೊಂಬುಕೊಂಬಾಗಿದೆ, ಆದ್ದರಿಂದ ಆ ಹೆಸರು ಎಂದು ಹಿಂದಿನವರು ಪದ ಬಿಡಿಸಿದರು. ಕಣ್ಣಿಗೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ! ಆದರೆ ಭಾಷಾವಿಜ್ಞಾನಿಗಳು ಹೆಚ್ಚಾಗಿ ಒಪ್ಪುವುದು ದ್ರಾವಿಡ ಮೂಲವನ್ನು: ‘ಇಂಜಿ’ಗೆ ‘ವೇರ್’ ಸೇರಿ ಆದ ಪದ ಅದು. ಇಲ್ಲಿ ಜಮೀನು ಗುತ್ತಿಗೆ ಹಿಡಿದು ಶುಂಠಿ ಬೆಳೆಯುವ ಕೇರಳದವರ ಬಾಯಲ್ಲಿ ‘ಇಂಜಿ’ ನೀವೇ ಕೇಳಿದ್ದೀರಿ. ‘ವೇರ್’ ನಮ್ಮ ‘ಬೇರು’. ಲಂಡನ್ನಿನ ಅಡುಗೆಮನೆಯವರು ದಿನವೂ ಆಡುವ ಮಾತಿನೊಳಗೆ ನಮ್ಮ ಸೀಮೆಯ ನುಡಿ ಅಡಗಿದೆ ಎಂಬುದು ನನಗೆ ನಿಜವಾಗಿ ಹೆಮ್ಮೆಯ ವಿಷಯ.

ಹಾಗಾಗಿ ಪದದ ಮುಖ ನೋಡಿ ಅರ್ಥ ಕಟ್ಟಬೇಡಿ. ಕೇಳಿ. ಜಿ. ವೆಂಕಟಸುಬ್ಬಯ್ಯನವರು (1913–2021) ‘ಪ್ರಜಾವಾಣಿ’ಯ ‘ಇಗೋ ಕನ್ನಡ’ ಅಂಕಣದಲ್ಲಿ ವರ್ಷಗಟ್ಟಲೆ ಓದುಗರ ಒಂದೊಂದು ಪದದ ಸಂದೇಹಕ್ಕೂ ಉತ್ತರ ಬರೆದರು. ಅಂಥ ದೊಡ್ಡ ವಿದ್ವಾಂಸರಿಗೆ ಯಾವ ಪ್ರಶ್ನೆಯೂ ಸಣ್ಣದೆನಿಸಲಿಲ್ಲ. ಕೇಳುವುದಕ್ಕೆ ನಿಮಗೇಕೆ ನಾಚಿಕೆ? ಫೋನಿನಲ್ಲೇ ನಿಘಂಟು ತೆರೆದರೂ ಅರ್ಥದ ಸಾಲಿಗೆ ನಿಲ್ಲದೆ ಕೆಳಗಿನ ವ್ಯುತ್ಪತ್ತಿಗೂ ಇಳಿಯಿರಿ. ಅಲ್ಲಿ ‘ಪ್ರಾಯಶಃ’ ಎಂದಿದ್ದರೆ, ಇನ್ನೊಬ್ಬರಿಗೆ ಹೇಳುವಾಗ ಆ ‘ಪ್ರಾಯಶಃ’ವನ್ನೂ ಸೇರಿಸಿಯೇ ಹೇಳಿ.