ಅಧೈರ್ಯಗೊಂಡ ಕೂಟವೂ ಐದು ನಿಮಿಷದ ಮಾತೂ

ಹಲವರು ಕೂಡಿ ಮಾಡತಕ್ಕ ಕಾರ್ಯಗಳಲ್ಲಿ ಬುದ್ಧಿಯ ಕೊರತೆಯಿಂದ ಕೆಡುವವು ಸ್ವಲ್ಪ. ಧೈರ್ಯದ ಕೊರತೆಯಿಂದ ಕೆಡುವವು ಬಹಳ. ಈ ಮಾತು ಆಟದ ಬಯಲಿಗೆ ಎಷ್ಟು ಒಪ್ಪುವುದೋ, ಸ್ತ್ರೀಯರ ಉಳಿತಾಯದ ಸಂಘಕ್ಕೂ, ಹಾಲಿನ ಸೊಸೈಟಿಗೂ, ಉಪಾಧ್ಯಾಯಿನಿಯರ ಕೂಟಕ್ಕೂ ಅಷ್ಟೇ ಒಪ್ಪುವುದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ಇಂಥ ಕೂಟಗಳಿಗೆ ಮುಂದಾಳುಗಳಾಗಿದ್ದಾರೆ. ಅವರು ನಮ್ಮನ್ನು ಕಾಣಲು ಬಂದಾಗ ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: “ಟೀಚರ್, ನಮ್ಮವರು ಎದೆಗುಂದಿ ಕುಳಿತಿದ್ದಾರೆ. ಅವರೊಡನೆ ಮಾತನಾಡಲು ನಮಗೆ ಸಿಗುವುದು ಐದು ನಿಮಿಷ. ಅಷ್ಟರಲ್ಲಿ ಏನು ಹೇಳೋಣ?” ಈ ಪ್ರಶ್ನೆಯನ್ನು ಒಂದು ಪಾಠದಂತೆ ವಿಭಾಗಿಸಿ ವಿಚಾರಮಾಡುವುದು ಈ ಲೇಖನದ ಉದ್ದೇಶವು.

೧. ಅಧೈರ್ಯದ ಸ್ವರೂಪ

ಮೊದಲು ತಿಳಿಯಬೇಕಾದುದೇನಂದರೆ, ಅಧೈರ್ಯವು ಸೋಮಾರಿತನವಲ್ಲ. ಸೋಮಾರಿಯು ಪ್ರಯತ್ನವನ್ನೇ ಮಾಡಿದವನಲ್ಲ. ಅಧೈರ್ಯಗೊಂಡವನಾದರೋ ಪ್ರಯತ್ನಮಾಡಿ, ಫಲವನ್ನು ಕಾಣದೆ ಕೈಚೆಲ್ಲಿದವನು. ಆದಕಾರಣ ಮೊದಲನೆಯವನಿಗೆ ತಕ್ಕ ಗದರಿಕೆಯು ಎರಡನೆಯವನಿಗೆ ಗಾಯದ ಮೇಲೆ ಬರೆ ಎಳೆದಂತಾಗುವುದು. ಕೂಟದಲ್ಲಿ ಅಧೈರ್ಯ ಹೊಕ್ಕಿರುವುದಕ್ಕೆ ಗುರುತುಗಳು ಮೂರು. ಮಾತು ನಿಲ್ಲುತ್ತದೆ; ಒಬ್ಬರ ಮೇಲೊಬ್ಬರು ತಪ್ಪು ಹೊರಿಸುತ್ತಾರೆ; “ನಮ್ಮ ಕೈಲಿ ಆಗುವುದಲ್ಲ” ಎಂಬ ಮಾತು ಯಾರ ಬಾಯಿಂದಲಾದರೂ ಹೊರಟರೆ ಅದನ್ನು ಅಲ್ಲಗಳೆಯುವವರೇ ಇರುವುದಿಲ್ಲ.

ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರ ಎಂಬವರು ೧೯೭೭ರಲ್ಲಿ ಪ್ರಕಟಿಸಿದ ಲೇಖನದಲ್ಲಿ, “ಇದು ನನ್ನಿಂದ ಆಗುವುದು” ಎಂಬ ನಂಬಿಕೆ ಮನುಷ್ಯನಲ್ಲಿ ಹುಟ್ಟುವುದಕ್ಕೆ ನಾಲ್ಕು ಮೂಲಗಳನ್ನು ಹೇಳಿದರು. ತಾನೇ ಮಾಡಿ ಜಯಿಸಿದ ಅನುಭವವು ಒಂದು. ತನ್ನಂಥವರೇ ಮಾಡಿದುದನ್ನು ಕಂಡದ್ದು ಎರಡು. ಪರರ ಪ್ರೋತ್ಸಾಹದ ಮಾತು ಮೂರು. ದೇಹ ಮನಸ್ಸುಗಳ ಆಗಿನ ಸ್ಥಿತಿ ನಾಲ್ಕು. ಇವುಗಳಲ್ಲಿ ಮೊದಲನೆಯದೇ ಬಲವಾದದ್ದೆಂದು ಅವರ ಅಭಿಪ್ರಾಯ. ನಾವು ಸಾಮಾನ್ಯವಾಗಿ ಮೂರನೆಯದನ್ನು ಮಾತ್ರ ಉಪಯೋಗಿಸುತ್ತೇವೆ. ಸೋತವರ ಮುಂದೆ ನಿಂತು ದೊಡ್ಡ ಮಾತನಾಡಿ, ಉಳಿದ ಮೂರನ್ನೂ ಮರೆಯುತ್ತೇವೆ. ಐದು ನಿಮಿಷವು ವ್ಯರ್ಥವಾಗುವುದಕ್ಕೆ ಮುಖ್ಯ ಕಾರಣ ಇದೇ.

೨. ನಮ್ಮ ನೆರೆಯ ಒಂದು ಉದಾಹರಣೆ

ಹದಿನಾರು ಗ್ರಾಮವನ್ನು ಮೈಸೂರು ಅರಸುಮನೆತನದ ಮೂಲಕಥೆಯೊಡನೆ ಸೇರಿಸಿ ಹೇಳುವ ಐತಿಹ್ಯವಿದೆ. ಯಜಮಾನನಿಲ್ಲದೆ ಅಂಜಿದ್ದ ಅರಮನೆಯ ಹೆಂಗಸರಿಗೆ ೧೩೯೯ರಲ್ಲಿ ಯದುರಾಯ, ಕೃಷ್ಣರಾಯರೆಂಬ ಸಹೋದರರು ನೆರವಾದರೆಂಬ ಆ ಕಥೆಯನ್ನು ನಮ್ಮ ಮಕ್ಕಳು ಬಲ್ಲರು. ಆದರೆ ನಮ್ಮ ಪಾಠಕ್ಕೆ ಇನ್ನೂ ಹತ್ತಿರದ, ಹೊಸದಾದ ದೃಷ್ಟಾಂತವು ನೆರೆಯ ತಿರುಮಕೂಡಲು ನರಸೀಪುರ ತಾಲ್ಲೂಕಿನಲ್ಲಿಯೇ ದೊರೆಯುತ್ತದೆ.

೨೦೨೫ನೆಯ ಜನವರಿ ೧೩ರಿಂದ ೧೯ರ ವರೆಗೆ ಹೊಸದಿಲ್ಲಿಯಲ್ಲಿ ಖೊ ಖೊ ಆಟದ ಮೊತ್ತಮೊದಲನೆಯ ವಿಶ್ವಕಪ್ ಪಂದ್ಯಗಳು ನಡೆದವು. ಸ್ತ್ರೀಯರ ಅಂತಿಮ ಪಂದ್ಯದಲ್ಲಿ ಭಾರತದವರು ನೇಪಾಳದವರನ್ನು ೭೮ಕ್ಕೆ ೪೦ರಿಂದ ಗೆದ್ದರು. ಆ ಪಂದ್ಯದ ಶ್ರೇಷ್ಠ ಆಟಗಾರ್ತಿಯೆಂದು ಆರಿಸಲ್ಪಟ್ಟವರು ನರಸೀಪುರ ತಾಲ್ಲೂಕಿನ ಕುರುಬೂರಿನ ಬಿ. ಚೈತ್ರಾ ಅವರು. ಕಡೆಯ ಸರದಿಯಲ್ಲಿ ಅವರಿದ್ದ ಓಟಗಾರ್ತಿಯರ ಗುಂಪು ಐದು ನಿಮಿಷಕ್ಕೂ ಮಿಕ್ಕು ಯಾರ ಕೈಗೂ ಸಿಕ್ಕದೆ ಓಡಿತು. ನಮ್ಮ ಮಕ್ಕಳು ಓಡಾಡುವ ಮಣ್ಣಿನಲ್ಲಿಯೇ ಓಡಿ ಬೆಳೆದ ಹುಡುಗಿಯೊಬ್ಬಳು ಈ ಸ್ಥಾನಕ್ಕೆ ಬಂದದ್ದು, ಮೇಲೆ ಹೇಳಿದ ಎರಡನೆಯ ಮೂಲಕ್ಕೆ ನಮಗೆ ದೊರೆತ ಸ್ವಂತ ನಿದರ್ಶನವು.

ಆದರೆ ಗೆದ್ದವರಿಗಿಂತ ಸೋತವರಿಂದ ಇಲ್ಲಿ ಕಲಿಯತಕ್ಕದ್ದು ಹೆಚ್ಚಾಗಿದೆ. ಆ ಪಂದ್ಯವು ತಲಾ ಏಳು ನಿಮಿಷದ ನಾಲ್ಕು ಸರದಿಗಳದು. ಮೊದಲನೆಯ ಸರದಿ ಮುಗಿದಾಗ ಭಾರತಕ್ಕೆ ೩೪, ನೇಪಾಳಕ್ಕೆ ಸೊನ್ನೆ. ಇಂಥ ಲೆಕ್ಕವನ್ನು ಕಂಡ ಯಾವ ಕೂಟದ ಎದೆ ತಾನೇ ನಡುಗದು? ಆದರೂ ಎರಡನೆಯ ಸರದಿ ಮುಗಿಯುವಾಗ ಲೆಕ್ಕವು ೩೫ಕ್ಕೆ ೨೪ ಆಗಿತ್ತು. ಕಾರಣವೇನು? ಈ ಆಟದಲ್ಲಿ ಬೆನ್ನಟ್ಟುವವರಿಗೇ ಹೆಚ್ಚಾಗಿ ಅಂಕಗಳು ಬರುವವು. ಓಡುವವರು ಬಹಳ ಹೊತ್ತು ಸಿಕ್ಕದೆ ಉಳಿದರೆ ಮಾತ್ರ ಅವರಿಗೆ ಒಂದೆರಡು. ನೇಪಾಳದವರು ಬೆನ್ನಟ್ಟುವ ಸರದಿಯು ಆಗ ಇನ್ನೂ ಬಂದೇ ಇರಲಿಲ್ಲ. ಆ ಸೊನ್ನೆಯು ಅವರ ಅಸಾಮರ್ಥ್ಯದ ಲೆಕ್ಕವಾಗಿರದೆ ಸರದಿಯ ಲೆಕ್ಕವಾಗಿತ್ತು. ಮೂರನೆಯ ಸರದಿಯಲ್ಲಿ ಭಾರತದವರು ೭೩ಕ್ಕೆ ಏರಿದರು. ನೇಪಾಳದವರು ಕಡೆಗೆ ಸೋತರು. ಧೈರ್ಯವು ಜಯಕ್ಕೆ ಜಾಮೀನಲ್ಲ. ಆದರೆ ಸೊನ್ನೆಯನ್ನು ನೋಡಿ ಕುಳಿತುಬಿಟ್ಟಿದ್ದರೆ ಆ ೨೪ ಅಂಕಗಳು ಎಲ್ಲಿಂದ ಬರುತ್ತಿದ್ದವು?

ಇದರಿಂದ ಮುಂದಾಳಿಗೆ ದೊರೆಯುವ ಮೊದಲನೆಯ ಸೂತ್ರವಿದು: ಎದೆಗುಂದಿದವರಿಗೆ ಲೆಕ್ಕವನ್ನು ಮರೆಮಾಡಬೇಡಿರಿ, ಲೆಕ್ಕವನ್ನು ಓದುವ ಬಗೆಯನ್ನು ಕಲಿಸಿರಿ.

೩. ಐದು ನಿಮಿಷದ ವಿಭಾಗ

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಬಾಲಿಕೆಯರ ಖೊ ಖೊ ತಂಡವೊಂದು ಮೊದಲರ್ಧದಲ್ಲಿ ಹಿಂದೆ ಬಿದ್ದಿದೆ. ಎದುರಾಳಿಗಳಿಗೆ ೧೦, ಇವರಿಗೆ ೬. ಬಿಡುವು ಕೆಲವೇ ನಿಮಿಷ. ನಾಯಕಿಯು ಇದನ್ನು ಹೇಗೆ ಹಂಚಬೇಕು?

ಮೊದಲನೆಯ ನಿಮಿಷ: ಎಲ್ಲರೂ ಕುಳಿತು ನೀರು ಕುಡಿಯಲಿ. ಮಾತು ಬೇಡ. ಏದುಸಿರು ಬಿಡುವವಳ ಕಿವಿಗೆ ಬುದ್ಧಿವಾದ ಹೋಗುವುದಿಲ್ಲ. ನಾಲ್ಕನೆಯ ಮೂಲವಾದ ದೇಹಸ್ಥಿತಿಗೆ ಸಲ್ಲತಕ್ಕ ಕಾಣಿಕೆ ಇದು.

ಎರಡನೆಯ ನಿಮಿಷ: ಸತ್ಯಸ್ಥಿತಿಯನ್ನು ಎರಡು ವಾಕ್ಯದಲ್ಲಿ ಹೇಳತಕ್ಕದ್ದು. “ಅವರದು ಹತ್ತು, ನಮ್ಮದು ಆರು. ಬೆನ್ನಟ್ಟುವ ಸರದಿ ನಮಗೆ ಇನ್ನೊಂದಿದೆ.” ಇಷ್ಟೇ ಸಾಕು.

ಮೂರನೆಯ ನಿಮಿಷ: ಆಗಲೇ ಆಗಿರುವ ಒಂದು ಒಳ್ಳೆಯ ಕೆಲಸವನ್ನು, ಮಾಡಿದವಳ ಹೆಸರೆತ್ತಿ, ಅದು ಹೇಗಾಯಿತೆಂಬುದರ ಸಹಿತ ಹೇಳಬೇಕು. “ನಾವು ಮೂವರನ್ನು ಹಿಡಿದದ್ದು ಕಂಬದ ಹತ್ತಿರ. ನೀನು ತಡಮಾಡದೆ ಖೊ ಕೊಟ್ಟದ್ದರಿಂದ ಹಿಡಿದೆವು.” ಬರಿಯ “ಭೇಷ್” ಎಂಬುದಕ್ಕೂ ಇದಕ್ಕೂ ಬಹಳ ಅಂತರವುಂಟು. “ಭೇಷ್” ಎಂಬುದು ಗಾಳಿಯಲ್ಲಿ ಹೋಗುತ್ತದೆ. ಇದಾದರೋ ಮರಳಿ ಮಾಡತಕ್ಕ ಕೆಲಸವನ್ನು ಕೈಗೆ ಕೊಡುತ್ತದೆ. ಬಂಡೂರರು ಹೇಳಿದ ಬಲವಾದ ಮೂಲವು ಇದೇ.

ನಾಲ್ಕನೆಯ ನಿಮಿಷ: ಮುಂದೆ ಮಾಡಬೇಕಾದ ಒಂದೇ ಒಂದು ಕಾರ್ಯವನ್ನು ಗೊತ್ತುಮಾಡುವುದು. “ಕಂಬದ ಕಡೆಗೆ ಓಡಿಸಿ, ಅಲ್ಲಿ ಬೇಗ ಖೊ ಕೊಡಿ.” ಐದು ಸಲಹೆ ಕೊಟ್ಟರೆ ಒಂದೂ ನಿಲ್ಲದು. ತಂಡದಲ್ಲಿ ಅತಿ ಮೌನವಾಗಿರುವವಳಿಂದ ಆ ಮಾತನ್ನು ಅವಳ ಬಾಯಿಂದಲೇ ಮತ್ತೆ ಹೇಳಿಸಬೇಕು. ತಾನು ಹೇಳಿದ ಮಾತಿಗೆ ಮನುಷ್ಯನು ಕೇಳಿದ ಮಾತಿಗಿಂತ ಹೆಚ್ಚು ಬದ್ಧನಾಗಿರುವನು.

ಐದನೆಯ ನಿಮಿಷ: ಎಲ್ಲರೂ ಒಟ್ಟಿಗೆ ಎದ್ದು ಬಯಲಿಗೆ ಹೋಗುವುದು. ಮಾತು ಕಾರ್ಯದಲ್ಲಿ ಮುಗಿಯಬೇಕೇ ಹೊರತು ಮಾತಿನಲ್ಲಿ ಅಲ್ಲ.

ಸಣ್ಣ ಮುನ್ನಡೆಗೆ ಇಷ್ಟು ಬೆಲೆ ಕೊಡುವುದು ಏತಕ್ಕೆಂದು ಕೆಲವರು ಕೇಳಬಹುದು. ಅಮೇರಿಕಾ ದೇಶದ ತೆರೆಸಾ ಅಮಾಬಿಲೆ, ಸ್ಟೀವನ್ ಕ್ರೇಮರ್ ಎಂಬವರು ಏಳು ಕಂಪೆನಿಗಳ ೨೩೮ ಮಂದಿ ಕೆಲಸಗಾರರಿಂದ ಪ್ರತಿದಿನದ ಅನುಭವವನ್ನು ಬರೆಯಿಸಿ, ಸುಮಾರು ೧೨,೦೦೦ ದಿನಚರಿಗಳನ್ನು ಪರಿಶೀಲಿಸಿ, ೨೦೧೧ರಲ್ಲಿ ಒಂದು ಪುಸ್ತಕವನ್ನು ಪ್ರಕಟಿಸಿದರು. ಜನರಿಗೆ ಕೆಲಸದಲ್ಲಿ ಉತ್ಸಾಹ ಹುಟ್ಟಿಸುವ ಸಂಗತಿಗಳಲ್ಲಿ ಅತಿ ಮುಖ್ಯವಾದದ್ದು, ಅರ್ಥವುಳ್ಳ ಕೆಲಸದಲ್ಲಿ ಕಂಡುಬರುವ ಮುನ್ನಡೆ, ಅದು ಅಲ್ಪವಾದರೂ ಸರಿ, ಎಂಬುದೇ ಅವರು ಕಂಡುಕೊಂಡ ವಿಷಯ.

೪. ಸಂಘದ ಕೂಟದಲ್ಲಿ ಇದರ ಉಪಯೋಗ

ಕರ್ನಾಟಕದ ಸರಕಾರವು ೨೦೦೦-೦೧ರಲ್ಲಿ ಸ್ತ್ರೀಶಕ್ತಿ ಯೋಜನೆಯನ್ನು ಆರಂಭಿಸಿದ ಮೇಲೆ ನಮ್ಮ ಹಳ್ಳಿಗಳಲ್ಲಿಯೂ ಹೆಂಗಸರ ಸಂಘಗಳು ಹೆಚ್ಚಿದವು. ಹತ್ತರಿಂದ ಇಪ್ಪತ್ತು ಮಂದಿ ವಾರಕ್ಕೊಮ್ಮೆ ಕೂಡುತ್ತಾರೆ. ಗದ್ದೆಯಿಂದ ಬಂದು ಒಲೆ ಹಚ್ಚುವುದಕ್ಕೆ ಮೊದಲು ಸಿಗುವ ಹೊತ್ತಿನಲ್ಲಿ ಉಳಿತಾಯದ ಹಣ, ಸಾಲದ ಕಂತು, ಪುಸ್ತಕದ ಬರವಣಿಗೆ, ಸಹಿ, ಎಲ್ಲವೂ ಮುಗಿಯಬೇಕು. ಒಬ್ಬಳ ಕಂತು ನಿಂತರೆ ಎಲ್ಲರ ಮುಖವೂ ಬಾಡುವುದು. ಎರಡು ವಾರ ನಿಂತರೆ “ಸಂಘ ಮುರಿದುಹಾಕೋಣ” ಎಂಬ ಮಾತು ಬರುವುದು. ಸಂಘ ಮುರಿದರೆ ಆ ಹೆಂಗಸರು ತಿರುಗಿ ಬಡ್ಡಿಯವರ ಬಾಗಿಲಿಗೆ ಹೋಗಬೇಕು. ಆದುದರಿಂದ ಆ ಸಂಜೆಯ ಕೆಲವು ನಿಮಿಷಗಳ ಮೇಲೆ ಹತ್ತಾರು ಮನೆಗಳ ನೆಮ್ಮದಿ ನಿಂತಿದೆ.

ಇಲ್ಲಿಯೂ ಕ್ರಮವು ಅದೇ. ಬಾಕಿಯಿಂದ ಆರಂಭಿಸಬೇಡಿರಿ, ಈವರೆಗೆ ಸಂಘವು ಕೂಡಿಸಿದ ಹಣವನ್ನೂ ತೀರಿಸಿದ ಸಾಲವನ್ನೂ ಪುಸ್ತಕ ನೋಡಿ ಗಟ್ಟಿಯಾಗಿ ಓದಿರಿ. ಅನಂತರ ಬಾಕಿಯನ್ನು ಒಂದು ವಾಕ್ಯದಲ್ಲಿ ತಿಳಿಸಿರಿ. ಕಂತು ಕಟ್ಟಲಾರದವಳನ್ನು ಎಲ್ಲರೆದುರಿಗೆ ನಿಲ್ಲಿಸಬಾರದು, ಕೂಟಕ್ಕೆ ಮೊದಲೇ ಅವಳ ಮನೆಗೆ ಹೋಗಿ, “ಅಕ್ಕಾ, ಏನು ತೊಂದರೆ?” ಎಂದು ಕೇಳಿ ಬರತಕ್ಕದ್ದು. ಕೂಟದಲ್ಲಿ “ಅಕ್ಕ ಈ ವಾರ ಅರ್ಧ ಕಂತು ಕೊಡುತ್ತಾರೆ” ಎಂಬಷ್ಟು ಸಣ್ಣ ನಿರ್ಣಯ ಮಾಡಿದರೂ ಸಾಕು. ನಿಂತ ಗಾಡಿಯನ್ನು ಎಬ್ಬಿಸುವುದು ಕಷ್ಟ. ಒಂದು ಮಾರು ಉರುಳಿದ ಮೇಲೆ ಎತ್ತುಗಳೇ ಎಳೆಯುವವು.

೫. ಬಿಡತಕ್ಕ ದೋಷಗಳು

ಸುಳ್ಳು ಹೊಗಳಿಕೆಯು ಮೊದಲನೆಯ ದೋಷ. ಚೆನ್ನಾಗಿ ಆಡದಿದ್ದವಳಿಗೆ ತಾನು ಚೆನ್ನಾಗಿ ಆಡಲಿಲ್ಲವೆಂಬುದು ಗೊತ್ತಿರುತ್ತದೆ. ಹೊಗಳಿದವರ ಮೇಲಣ ನಂಬಿಕೆಯೇ ಹೋಗುವುದು. ಹೋಲಿಕೆಯು ಎರಡನೆಯದು: “ಪಕ್ಕದ ಊರಿನವರನ್ನು ನೋಡಿರಿ” ಎಂಬ ಮಾತು ಎದ್ದವರನ್ನು ಓಡಿಸಬಹುದು, ಬಿದ್ದವರನ್ನು ಎಬ್ಬಿಸದು. ತಪ್ಪಿತಸ್ಥರನ್ನು ಹುಡುಕುವುದು ಮೂರನೆಯದು. ಆ ವಿಚಾರಣೆ ಬೇಕೇ ಬೇಕು. ಆದರೆ ಅದಕ್ಕೆ ಬೇರೆ ದಿನವೂ ಸಾಕಷ್ಟು ಸಮಯವೂ ಇರಬೇಕು.

ನಾಲ್ಕನೆಯದು ಎಲ್ಲಕ್ಕಿಂತ ದೊಡ್ಡದು. ಕೂಟವು ಎದೆಗುಂದಿರುವುದಕ್ಕೆ ನಿಜವಾದ ಕಾರಣವಿರುವಾಗ ಮಾತಿನಿಂದ ಅದನ್ನು ಮುಚ್ಚುವುದು. ಹುಡುಗಿಯರು ಬೆಳಿಗ್ಗೆ ಏನೂ ತಿನ್ನದೆ ಬಂದಿದ್ದರೆ ಅವರಿಗೆ ಬೇಕಾದದ್ದು ಭಾಷಣವಲ್ಲ, ಊಟ. ಒಬ್ಬಳ ಮೇಲೆಯೇ ಎಲ್ಲ ಭಾರವೂ ಬಿದ್ದಿದ್ದರೆ ಬೇಕಾದದ್ದು ಉತ್ತೇಜನವಲ್ಲ, ಭಾರದ ಹಂಚಿಕೆ.

೬. ಪೋಷಕರಿಗೆ ಒಂದು ಮಾತು

ಮನೆಯೂ ಒಂದು ಕೂಟವೇ. ಅಲ್ಲಿಯೂ ಸಮಯ ಅಲ್ಪವೇ. ಪಂದ್ಯದಲ್ಲಿ ಸೋತ ಅಥವಾ ಪರೀಕ್ಷೆಯಲ್ಲಿ ಕಡಮೆ ಅಂಕ ಪಡೆದ ಮಗಳು ಸಂಜೆ ಮನೆಗೆ ಬರುತ್ತಾಳೆ; ಮರುದಿನ ಬಸ್ಸು ಹೊರಡುವ ವರೆಗೆ ತಂದೆತಾಯಿಗಳಿಗೆ ಅವಳೊಡನೆ ಸಾವಕಾಶವಾಗಿ ಮಾತನಾಡಲು ಸಿಗುವುದು ಕೆಲವು ನಿಮಿಷ. ಆಗ “ಸಾಕು ಬಿಡು, ಮನೆಯಲ್ಲಿರು” ಎಂದರೆ ಮೊದಲು ಆಟ ನಿಲ್ಲುವುದು, ಆಮೇಲೆ ಹಾಜರಿ ಕುಂದುವುದು, ಕಡೆಗೆ ಶಾಲೆಯೇ ತಪ್ಪುವುದು. ಹೀಗೆ ಹಂತಹಂತವಾಗಿ ಹಿಂದೆ ಸರಿದ ಮಕ್ಕಳನ್ನು ನಾವು ಕಂಡಿದ್ದೇವೆ. ಅದೇ ನಿಮಿಷಗಳಲ್ಲಿ “ಊಟಮಾಡು; ಇವತ್ತು ನಿನಗೆ ಸರಿಯಾಗಿ ಬಂದದ್ದು ಯಾವುದು? ನಾಳೆ ಏನು ಮಾಡುತ್ತೀ?” ಎಂದು ಕೇಳಿದರೆ ಅವಳು ಮರುದಿನ ಬಸ್ಸು ಹತ್ತುವಳು. ಕುರುಬೂರಿನಿಂದ ಹೊಸದಿಲ್ಲಿಯ ವರೆಗಿನ ದಾರಿಯಲ್ಲಿಯೂ ಇಂಥ ಸಾಧಾರಣ ಬೆಳಗುಗಳು ಎಷ್ಟೋ ಇದ್ದಿರಲೇಬೇಕು.

ಅಭ್ಯಾಸಕ್ಕಾಗಿ ಮೂರು ಪ್ರಶ್ನೆಗಳು: ನಿಮ್ಮ ಕೂಟದಲ್ಲಿ ಈ ವಾರ ಆದ ಒಂದು ಸಣ್ಣ ಮುನ್ನಡೆ ಯಾವುದು, ಅದನ್ನು ಮಾಡಿದವರಾರು? ನೀವು ಸೋಲೆಂದು ಎಣಿಸಿರುವ ಲೆಕ್ಕಗಳಲ್ಲಿ ಸರದಿ ಇನ್ನೂ ಬಾರದಿರುವುದು ಯಾವುದು? ನಿಮ್ಮವರ ದಣಿವಿಗೆ ಮಾತಿನಿಂದ ಹೋಗದ ಕಾರಣವೇನಾದರೂ ಇದೆಯೇ? ಇವುಗಳಿಗೆ ಉತ್ತರವನ್ನು ಬರೆದಿಟ್ಟುಕೊಂಡು ಮುಂದಿನ ಕೂಟಕ್ಕೆ ಹೋಗಿರಿ. ಐದು ನಿಮಿಷವು ಅಲ್ಪವೆಂದು ಅಂಜಬೇಡಿರಿ. ಸಿದ್ಧಮಾಡಿಕೊಂಡು ಹೋದವರಿಗೆ ಅದು ಸಾಕು.