ಸಂಕಲ್ಪ, ಗುರಿ ಮತ್ತು ಲೆಕ್ಕ: ಆರೋಗ್ಯಸಾಧನೆಯ ಒಂದು ಪಾಠ

ಯುಗಾದಿ, ಶ್ರಾವಣ, ಶಿವರಾತ್ರಿ ಬಂದಾಗಲೆಲ್ಲ ನಾವು ಸಂಕಲ್ಪ ಮಾಡುತ್ತೇವೆ. ‘ಇನ್ನು ನಸುಕಿನಲ್ಲಿ ಏಳುತ್ತೇನೆ’, ‘ಸಿಹಿ ಬಿಡುತ್ತೇನೆ’, ‘ದಿನವೂ ನಡೆಯುತ್ತೇನೆ’ ಎಂದು ಗದ್ದುಗೆಯ ಮುಂದೆ ನಿಂತು ಹೇಳಿಕೊಳ್ಳುವಾಗ ಮನಸ್ಸು ಪ್ರಾಮಾಣಿಕವಾಗಿಯೇ ಇರುತ್ತದೆ. ಆದರೆ ಒಂದು ಪಕ್ಷ ಕಳೆಯುವುದರೊಳಗೆ ಸಂಕಲ್ಪ ಸಡಿಲಗೊಳ್ಳುತ್ತದೆ. ಆಗ ‘ನನ್ನ ಮನಸ್ಸೇ ದುರ್ಬಲ’ ಎಂದು ನಮ್ಮನ್ನು ನಾವು ಹಳಿದುಕೊಂಡು ಸುಮ್ಮನಾಗುತ್ತೇವೆ. ಮಧುಮೇಹ, ರಕ್ತದೊತ್ತಡ ಇರುವವರ ವಿಷಯದಲ್ಲಿ ಹೀಗೆ ಸುಮ್ಮನಾಗುವುದಕ್ಕೆ ಕಣ್ಣು, ಮೂತ್ರಪಿಂಡ, ಕಾಲುಗಳು ಬೆಲೆ ತೆರಬೇಕಾಗುತ್ತದೆ. ದೋಷ ಬಹುಪಾಲು ಮನಸ್ಸಿನದಲ್ಲ, ಸಂಕಲ್ಪವನ್ನು ಕಟ್ಟಿಕೊಂಡ ರೀತಿಯದು. ಅದನ್ನು ಹೇಗೆ ಕಟ್ಟಿಕೊಳ್ಳಬೇಕೆಂಬುದೇ ಈ ತಿಂಗಳ ಪಾಠ.

ಐದು ತುಂಡುಗಳ ಗೇಟು

2024ರ ಆಗಸ್ಟ್ 10ರ ರಾತ್ರಿಯನ್ನು ಹೊಸಪೇಟೆ, ಕಂಪ್ಲಿ ಭಾಗದವರು ಮರೆಯಲಾರರು. ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದು, ಸರಪಳಿ ತುಂಡಾಗಿ, ಕೊಚ್ಚಿಹೋಯಿತು. ಅರವತ್ತು ಅಡಿ ಅಗಲ, ಇಪ್ಪತ್ತು ಅಡಿ ಎತ್ತರದ ಬಾಯಿಯಿಂದ ನೀರು ಧುಮ್ಮಿಕ್ಕುತ್ತಿತ್ತು. ‘ಗೇಟು ಮುಚ್ಚಬೇಕು’ ಎಂಬುದು ಎಲ್ಲರ ಆಸೆಯಾಗಿತ್ತು. ಆದರೆ ಅಷ್ಟು ದೊಡ್ಡ ಗೇಟನ್ನು ಹರಿಯುವ ನೀರಿನಲ್ಲಿ ಒಮ್ಮೆಗೇ ಇಳಿಸುವುದು ಅಸಾಧ್ಯದ ಮಾತು. ನಿವೃತ್ತ ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ತಾತ್ಕಾಲಿಕ ಗೇಟನ್ನು ಐದು ಅಡ್ಡ ತುಂಡುಗಳಾಗಿ ತಯಾರಿಸಲಾಯಿತು. ಒಂದೊಂದು ತುಂಡಿನ ಎತ್ತರ ಸುಮಾರು ನಾಲ್ಕು ಅಡಿ. ಮೊದಲನೆಯದು ತಳದಲ್ಲಿ ಕೂತಿತೆಂದು ಖಚಿತವಾದ ಮೇಲೆ ಎರಡನೆಯದು, ಅದರ ಮೇಲೆ ಮೂರನೆಯದು ಹೀಗೆ ಇಳಿಸುತ್ತ ಒಂದು ವಾರದಲ್ಲಿ ಬಾಯಿ ಮುಚ್ಚಿದರು.

ಇದರಲ್ಲಿ ನಮಗೆ ಬೇಕಾದ ಪಾಠವಿದೆ. ಆಸೆಯ ಗಾತ್ರ ಇಪ್ಪತ್ತು ಅಡಿಯಾದರೂ ಕೆಲಸದ ಗಾತ್ರ ನಾಲ್ಕು ಅಡಿ. ಪ್ರತಿ ತುಂಡು ಸರಿಯಾಗಿ ಕೂತಿದೆಯೇ ಎಂದು ನೋಡಿದ ಬಳಿಕವೇ ಮುಂದಿನದು.

ಆಸೆ ಬೇರೆ, ಗುರಿ ಬೇರೆ

‘ಆರೋಗ್ಯವಾಗಿರಬೇಕು’ ಎಂಬುದು ದಿಕ್ಕನ್ನು ತೋರುತ್ತದೆಯೇ ಹೊರತು ನಾಳೆ ಬೆಳಿಗ್ಗೆ ಏನು ಮಾಡಬೇಕೆಂದು ಹೇಳುವುದಿಲ್ಲ. ಅಮೆರಿಕದ ಜಾರ್ಜ್ ಡೋರನ್ ಎಂಬುವರು 1981ರಲ್ಲಿ ಆಡಳಿತದ ಕೆಲಸಗಳಿಗಾಗಿ ಗುರಿಯ ಐದು ಲಕ್ಷಣಗಳನ್ನು ಹೇಳಿದರು. ಅವು ಅಲ್ಪಸ್ವಲ್ಪ ಮಾರ್ಪಾಡುಗೊಂಡು ಇಂದು ಆರೋಗ್ಯ ಶಿಕ್ಷಣದಲ್ಲಿಯೂ ಬಳಕೆಯಲ್ಲಿವೆ. ಗುರಿ ನಿಖರವಾಗಿರಬೇಕು; ಅಳೆಯಲು ಬರಬೇಕು; ಕೈಗೆ ಎಟಕುವಂತಿರಬೇಕು; ನಮ್ಮ ಬದುಕಿಗೆ ಹೊಂದಬೇಕು; ಅದಕ್ಕೊಂದು ಅವಧಿ ಇರಬೇಕು.

ಇದರ ಜೊತೆಗೆ ಇನ್ನೊಂದು ಭೇದವನ್ನು ತಿಳಿಯಬೇಕು. ‘ಮೂರು ತಿಂಗಳಲ್ಲಿ ನಾಲ್ಕು ಕೆ.ಜಿ. ಇಳಿಯಬೇಕು’ ಎಂಬುದು ಫಲದ ಗುರಿ. ‘ವಾರಕ್ಕೆ ಐದು ದಿನ, ದಿನಕ್ಕೆ ಮೂವತ್ತು ನಿಮಿಷ ಬಿರುಸಾಗಿ ನಡೆಯುತ್ತೇನೆ’ ಎಂಬುದು ಕ್ರಿಯೆಯ ಗುರಿ. ತೂಕ ಇಳಿಯುವುದು ಪೂರ್ತಿಯಾಗಿ ನಮ್ಮ ಕೈಯಲ್ಲಿಲ್ಲ. ನಡೆಯುವುದು ನಮ್ಮ ಕೈಯಲ್ಲಿದೆ. ಶರಣರು ಕಾಯಕಕ್ಕೆ ಕೊಟ್ಟ ಮಹತ್ವವನ್ನು ಬಲ್ಲ ನಮಗೆ ಇದು ಹೊಸ ವಿಚಾರವೇನೂ ಅಲ್ಲ. ಫಲವನ್ನು ಮೂರು ತಿಂಗಳಿಗೊಮ್ಮೆ ನೋಡೋಣ, ಕ್ರಿಯೆಯನ್ನು ದಿನವೂ ನೋಡೋಣ.

ಕ್ರಿಯೆ ಚಿಕ್ಕದೆಂದು ಅಲಕ್ಷಿಸಬೇಕಿಲ್ಲ. ವಾರಕ್ಕೆ ಕನಿಷ್ಠ 150 ನಿಮಿಷ ಮಧ್ಯಮ ಶ್ರಮದ ಚಟುವಟಿಕೆಯನ್ನು ವಯಸ್ಕರಿಗೆ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ. ಅದು ಮೇಲೆ ಹೇಳಿದ ಮೂವತ್ತು ನಿಮಿಷದ ಐದು ನಡಿಗೆಗಳಷ್ಟೇ. ಮಧುಮೇಹದ ಹೊಸ್ತಿಲಲ್ಲಿದ್ದ 531 ಜನರನ್ನು ಕುರಿತು ಚೆನ್ನೈಯಲ್ಲಿ ನಡೆದ ಅಧ್ಯಯನದ ಫಲಿತಾಂಶ 2006ರಲ್ಲಿ ಪ್ರಕಟವಾಯಿತು. ಸಾಮಾನ್ಯ ಸಲಹೆ ಮಾತ್ರ ಪಡೆದವರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿ ಮಧುಮೇಹಿಗಳಾದರೆ, ನಡಿಗೆ ಮತ್ತು ಆಹಾರಕ್ರಮವನ್ನು ರೂಢಿಸಿಕೊಂಡವರಲ್ಲಿ ಆ ಸಂಖ್ಯೆ 39ಕ್ಕೆ ನಿಂತಿತು. ಇದರ ಅರ್ಥ ನಡೆದವರೆಲ್ಲರೂ ಪಾರಾದರು ಎಂದಲ್ಲ. ನೂರರಲ್ಲಿ ಹದಿನಾರು ಮನೆಗಳಿಗೆ ಆ ಅವಧಿಯಲ್ಲಿ ರೋಗ ಕಾಲಿಡಲಿಲ್ಲ ಎಂದು.

ಒಂದು ಮಾದರಿ: ಕೊಟ್ಟೂರಿನ ಪಾದಯಾತ್ರೆ

ನಮ್ಮ ಭಾಗದ ಅನೇಕ ಭಕ್ತರ ಮನದಾಸೆಯೊಂದಿದೆ: ಕೊಟ್ಟೂರಿನ ಗುರು ಬಸವೇಶ್ವರರ ರಥೋತ್ಸವಕ್ಕೆ ಒಮ್ಮೆಯಾದರೂ ಕಾಲ್ನಡಿಗೆಯಲ್ಲಿ ಹೋಗಬೇಕು. ಹೊಸಪೇಟೆಯಿಂದ ಅರವತ್ತು ಕಿಲೋಮೀಟರಿಗೂ ಮಿಕ್ಕ ದಾರಿ. ಸಿದ್ಧತೆಯಿಲ್ಲದೆ ಹೊರಟವರು ಮೊದಲ ದಿನವೇ ಅಂಗಾಲು ಬೊಕ್ಕೆಯೆದ್ದು ಕೂರುತ್ತಾರೆ. ರಥೋತ್ಸವ ಬರುವುದು ಫೆಬ್ರವರಿ ಅಥವಾ ಮಾರ್ಚ್ ಸುಮಾರಿಗೆ. ಹನ್ನೆರಡು ವಾರ ಮೊದಲೇ ಆರಂಭಿಸಿದರೆ ಈ ಆಸೆಯನ್ನು ಗುರಿಯಾಗಿ ಮಾರ್ಪಡಿಸಬಹುದು.

ಐವತ್ತರ ಆಸುಪಾಸಿನ, ಅಂಗಡಿಯಲ್ಲಿ ಕೂತು ಕೆಲಸ ಮಾಡುವ ಒಬ್ಬರನ್ನು ಭಾವಿಸಿಕೊಳ್ಳಿ. ವೈದ್ಯರು ಅನುಮತಿ ನೀಡಿದ್ದಾರೆ. ಮೊದಲೆರಡು ವಾರ ಅವರ ನಿತ್ಯದ ನಡಿಗೆ ಇಪ್ಪತ್ತು ನಿಮಿಷ, ವಾರಕ್ಕೆ ನಾಲ್ಕು ದಿನ. ಆಮೇಲೆ ವಾರಕ್ಕೆ ಐದು ನಿಮಿಷ ಹೆಚ್ಚಿಸುತ್ತ ಆರನೆಯ ವಾರಕ್ಕೆ ನಲವತ್ತು ನಿಮಿಷ ಮುಟ್ಟಿಸಿ, ಅಲ್ಲಿಯೇ ನಿಲ್ಲಿಸುತ್ತಾರೆ. ಭಾನುವಾರ ಮಾತ್ರ ದೀರ್ಘ ನಡಿಗೆ: ಮೊದಲ ವಾರ 4 ಕಿಲೋಮೀಟರ್, ಎರಡನೆಯ ವಾರ 5, ಮೂರನೆಯ ವಾರ 6. ನಾಲ್ಕನೆಯ ವಾರ ದೇಹಕ್ಕೆ ವಿಶ್ರಾಂತಿ ದೊರೆಯಲೆಂದು ಮತ್ತೆ 5. ಮುಂದೆ 7, 8, 10. ಎಂಟನೆಯ ವಾರ ಇಳಿಸಿ 7. ಬಳಿಕ 11, 13, 15. ಕೊನೆಯ ವಾರ 5 ಕಿಲೋಮೀಟರ್ ಸಾಕು. ದಿನಕ್ಕೆ ಹದಿನೈದು ಕಿಲೋಮೀಟರ್ ನಡೆಯಬಲ್ಲವರು ನಾಲ್ಕೈದು ದಿನಗಳಲ್ಲಿ, ದಾರಿಯುದ್ದಕ್ಕೂ ವಿಶ್ರಮಿಸುತ್ತ, ಕೊಟ್ಟೂರು ಸೇರಬಹುದು. ಯಾತ್ರೆಗೆ ತೊಡುವ ಪಾದರಕ್ಷೆಯನ್ನು ಈ ಅಭ್ಯಾಸದಲ್ಲಿಯೇ ಹಳೆಯದಾಗಿಸಿಕೊಳ್ಳಬೇಕು. ಹೊಸ ಜೋಡಿನಲ್ಲಿ ಹೊರಡಬಾರದು.

ಇಲ್ಲಿ ಯಾತ್ರೆ ಫಲ, ಹನ್ನೆರಡು ವಾರಗಳು ಕ್ರಿಯೆ. ಒಂದು ವೇಳೆ ಮನೆಯ ಅಡಚಣೆಯಿಂದ ಯಾತ್ರೆಗೆ ಹೋಗಲಾಗದಿದ್ದರೂ ಹನ್ನೆರಡು ವಾರಗಳ ನಡಿಗೆ ಹೃದಯಕ್ಕೆ ಸಂದೇ ಇರುತ್ತದೆ.

ಯಾವಾಗ, ಎಲ್ಲಿ, ಯಾವುದರ ನಂತರ

‘ನಡೆಯುತ್ತೇನೆ’ ಎಂಬ ನಿಶ್ಚಯಕ್ಕೆ ಹೊತ್ತು ಮತ್ತು ಜಾಗವನ್ನು ಕಟ್ಟಿದರೆ ಅದು ನೆರವೇರುವ ಸಂಭವ ಹೆಚ್ಚು ಎಂದು ಜರ್ಮನಿಯ ಮನೋವಿಜ್ಞಾನಿ ಪೀಟರ್ ಗೋಲ್ವಿಟ್ಸರ್ ಅವರ ಸಂಶೋಧನೆಗಳು ತೋರಿಸಿವೆ. ನಮಗೆ ಇದಕ್ಕೆ ಸಹಜವಾದ ಆಧಾರವೊಂದು ದಿನವೂ ಇದೆ. ಇಷ್ಟಲಿಂಗ ಪೂಜೆ ಯಾರೂ ನೆನಪಿಸದೆಯೇ ನಡೆಯುವ ನಿತ್ಯಕರ್ಮ. ‘ಬೆಳಗಿನ ಪೂಜೆ ಮುಗಿದ ಕೂಡಲೇ ಮನೆಯಿಂದ ಹೊರಟು ಊರ ಕೆರೆಯ ಏರಿಯವರೆಗೆ ಹೋಗಿ ಬರುತ್ತೇನೆ’ ಎಂದು ಹೊಸ ಅಭ್ಯಾಸವನ್ನು ಹಳೆಯದಕ್ಕೆ ಪೋಣಿಸಿಕೊಳ್ಳಿ.

ಗುರಿ ಊರಿಗೂ ಋತುವಿಗೂ ಹೊಂದಬೇಕು. ಹೊಸಪೇಟೆಯ ಬೇಸಿಗೆಯಲ್ಲಿ ಬಿಸಿಲೇರಿದ ಮೇಲೆ ನಡೆಯುವುದು ಅವಿವೇಕ. ಹೊತ್ತು ಹುಟ್ಟುವ ಮೊದಲೇ ಮುಗಿಸಬೇಕು. ಸಂಡೂರಿನವರು ಅದಿರು ಲಾರಿಗಳು ಓಡಾಡುವ ಧೂಳಿನ ರಸ್ತೆಯನ್ನು ಬಿಟ್ಟು ಬೇರೆ ಹಾದಿ ಆರಿಸಿಕೊಳ್ಳಬೇಕು. ಕಂಪ್ಲಿಯ ಗದ್ದೆಯಲ್ಲಿ ನಾಟಿ, ಕೊಯ್ಲಿನ ದಿನಗಳಲ್ಲಿ ದುಡಿಯುವವರಿಗೆ ಪ್ರತ್ಯೇಕ ನಡಿಗೆಯ ಅಗತ್ಯವೇ ಇಲ್ಲ; ಅವರ ಗುರಿ ನೀರು ಮತ್ತು ಊಟದ ಹೊತ್ತನ್ನು ಕುರಿತದ್ದಾಗಲಿ. ಹಂಪಿಯಲ್ಲಿರುವವರಿಗೆ ವಿರೂಪಾಕ್ಷ ಗುಡಿಯ ಬೀದಿಯಿಂದ ಹೊಳೆಯ ದಂಡೆಗುಂಟ ವಿಜಯ ವಿಠ್ಠಲ ಗುಡಿಯವರೆಗಿನ ಸುಮಾರು ಎರಡು ಕಿಲೋಮೀಟರ್ ಹಾದಿಯೇ ಸಾಕು. ಊಟದಲ್ಲಿಯೂ ಹೀಗೆಯೇ: ‘ಅನ್ನ ಬಿಡುತ್ತೇನೆ’ ಎನ್ನುವುದಕ್ಕಿಂತ ‘ರಾತ್ರಿ ಅನ್ನದ ಬದಲು ಎರಡು ಜೋಳದ ರೊಟ್ಟಿ, ಅದರಷ್ಟೇ ಪಲ್ಯ’ ಎನ್ನುವುದು ನಡೆಸಬಲ್ಲ ಮಾತು. ‘ಉಪ್ಪು ಕಡಿಮೆ’ ಎನ್ನುವುದಕ್ಕಿಂತ ‘ಉಪ್ಪಿನಕಾಯಿ, ಹಪ್ಪಳ ವಾರಕ್ಕೆ ಒಂದೇ ದಿನ’ ಎನ್ನುವುದು ಅಳೆಯಬಲ್ಲ ಮಾತು. ದಿನವಿಡೀ ಒಬ್ಬರಿಗೆ ಸಲ್ಲುವ ಉಪ್ಪು ಐದು ಗ್ರಾಮಿಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದೊಳಗೆ.

ಲೆಕ್ಕ ಇಡುವುದು

ಮಳೆಗಾಲದಲ್ಲಿ ಕಂಪ್ಲಿಯ ರೈತ ಪತ್ರಿಕೆ ಕೈಗೆ ಬಂದೊಡನೆ ಮೊದಲು ನೋಡುವುದು ಜಲಾಶಯದ ಮಟ್ಟವನ್ನು. ಪೂರ್ಣ ಮಟ್ಟ 1633 ಅಡಿ. ಇಂದು ಎಷ್ಟು, ಒಳಹರಿವು ಎಷ್ಟು, ಹೊರಹರಿವು ಎಷ್ಟು? ಈ ಅಂಕಿಗಳನ್ನು ನೋಡಿ ಸಸಿಮಡಿಯ ನಿರ್ಧಾರವಾಗುತ್ತದೆ. ನೀರಿಗೆ ಇಷ್ಟು ಚೊಕ್ಕ ಲೆಕ್ಕವಿಡುವ ನಾವು ನಮ್ಮ ದೇಹಕ್ಕೆ ಯಾವ ಲೆಕ್ಕವನ್ನೂ ಇಡುವುದಿಲ್ಲ.

ಲೆಕ್ಕವೆಂದರೆ ಲೌಕಿಕವೆಂದು ಕೀಳಾಗಿ ಕಾಣಬೇಕಿಲ್ಲ. ಬಸವಣ್ಣನವರು ಬಿಜ್ಜಳನಲ್ಲಿ ಕರಣಿಕರಾಗಿ, ಮುಂದೆ ಭಂಡಾರಿಗಳಾಗಿ ಇದ್ದವರೆಂದು ಪರಂಪರೆ ಹೇಳುತ್ತದೆ. ಹಂಪೆಯ ಹರಿಹರನೂ ವಿರೂಪಾಕ್ಷನ ಸನ್ನಿಧಿಗೆ ಬರುವ ಮೊದಲು ಹೊಯ್ಸಳರ ಆಸ್ಥಾನದಲ್ಲಿ ಕರಣಿಕನಾಗಿದ್ದನೆಂಬ ಪ್ರತೀತಿ ಇದೆ. ನಿಜವಾದ ಲೆಕ್ಕ ತನಗೆ ತಾನು ಸುಳ್ಳು ಹೇಳಿಕೊಳ್ಳದಿರುವ ಅಭ್ಯಾಸ.

ಗೋಡೆಯ ಪಂಚಾಂಗದ ಕ್ಯಾಲೆಂಡರೇ ಇದಕ್ಕೆ ಸಾಕು. ನಡೆದ ದಿನಕ್ಕೆ ಒಂದು ಗೆರೆ, ಅದರ ಪಕ್ಕದಲ್ಲಿ ನಿಮಿಷ. ವಾರಕ್ಕೊಮ್ಮೆ, ಒಂದೇ ವಾರ, ಒಂದೇ ಹೊತ್ತಿನಲ್ಲಿ, ಬರಿಹೊಟ್ಟೆಯಲ್ಲಿ ತೂಕ. ವೈದ್ಯರು ಹೇಳಿದಷ್ಟು ಬಾರಿ ರಕ್ತದೊತ್ತಡ. ಅಳೆಯುವ ಮೊದಲು ಐದು ನಿಮಿಷ ಬೆನ್ನೊರಗಿ ಸುಮ್ಮನೆ ಕೂತಿರಬೇಕು. ಮಧುಮೇಹಿಗಳಿಗೆ ಎಚ್‌ಬಿಎ1ಸಿ ಪರೀಕ್ಷೆ. ಅದು ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿಯನ್ನು ತೋರಿಸುತ್ತದೆ. ಪರೀಕ್ಷೆಗೆ ಎರಡು ದಿನ ಮುಂಚೆ ಪಥ್ಯ ಮಾಡಿ ಅದನ್ನು ಮರುಳು ಮಾಡಲಾಗದು.

ಲಕ್ಷಣವೇ ಇಲ್ಲದಿರುವಾಗ ಅಳತೆ ಏಕೆ ಎಂದು ಕೇಳುವವರಿದ್ದಾರೆ. ತುಂಗಭದ್ರಾ ಜಲಾಶಯ ಕಟ್ಟಿ ಮುಗಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ. ಇಂದು ಸುಮಾರು 105. ಹೂಳು ಮೇಲೆ ನಿಂತು ನೋಡುವವರ ಕಣ್ಣಿಗೆ ಕಾಣುವುದಿಲ್ಲ, ಅಳೆದಾಗ ಮಾತ್ರ ತಿಳಿಯುತ್ತದೆ. ರಕ್ತನಾಳಗಳ ಕಥೆಯೂ ಅದೇ. ಮೂವತ್ತು ದಾಟಿದವರಿಗೆ ರಕ್ತದೊತ್ತಡ, ಸಕ್ಕರೆಯ ತಪಾಸಣೆ ಸಮೀಪದ ಆಯುಷ್ಮಾನ್ ಆರೋಗ್ಯ ಮಂದಿರದಲ್ಲಿ ಉಚಿತವಾಗಿ ದೊರೆಯುತ್ತದೆ.

ತಪ್ಪಿದ ದಿನ

ಮದುವೆ, ಜಾತ್ರೆ, ಜ್ವರ, ಬಂಧುಗಳ ಆಗಮನ ಇವುಗಳಿಂದ ಕ್ರಮ ತಪ್ಪಿಯೇ ತಪ್ಪುತ್ತದೆ. ಲಂಡನ್ನಿನ ವಿಶ್ವವಿದ್ಯಾಲಯವೊಂದರ ಅಧ್ಯಯನದಲ್ಲಿ ಹೊಸ ಅಭ್ಯಾಸವೊಂದು ಸಹಜವಾಗಲು ಸರಾಸರಿ 66 ದಿನ ಹಿಡಿಯಿತು. ಕೆಲವರಿಗೆ 18 ದಿನ, ಕೆಲವರಿಗೆ ಎಂಟು ತಿಂಗಳಿಗೂ ಹೆಚ್ಚು. ನಡುವೆ ಒಂದು ದಿನ ತಪ್ಪಿದ್ದರಿಂದ ಗಣನೀಯ ಹಾನಿಯೇನೂ ಆಗಲಿಲ್ಲ. ಆದುದರಿಂದ ನಿಯಮ ಸರಳ: ಒಂದು ದಿನ ತಪ್ಪಿದರೆ ಮರುದಿನ ಹತ್ತು ನಿಮಿಷವಾದರೂ ನಡೆಯಬೇಕು. ನಾಲ್ಕು ವಾರಗಳ ಲೆಕ್ಕದಲ್ಲಿ ಅರ್ಧಕ್ಕಿಂತ ಹೆಚ್ಚು ದಿನ ತಪ್ಪಿದ್ದರೆ ದೋಷ ನಿಮ್ಮದಲ್ಲ, ಗುರಿಯದು. ಅದನ್ನು ಚಿಕ್ಕದು ಮಾಡಿಕೊಳ್ಳಿ. 2024ರಲ್ಲಿ ಗೇಟು ಮುರಿದಾಗ ಅಪಾರ ನೀರು ಹರಿದುಹೋಯಿತು. ಬಾಯಿ ಮುಚ್ಚಿದ್ದರಿಂದಲೇ ಮುಂದೆ ಬಂದ ಮಳೆನೀರು ನಿಂತು ಜಲಾಶಯ ಮತ್ತೆ ತುಂಬಿತು.

ಕೆಲವು ಎಚ್ಚರಿಕೆಗಳು

ಅಂಕಿ ಇಳಿಯಿತೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಅದು ವೈದ್ಯರ ನಿರ್ಧಾರ. ಇನ್ಸುಲಿನ್ ಅಥವಾ ಸಕ್ಕರೆ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ದೀರ್ಘ ನಡಿಗೆಯಲ್ಲಿ ಬೆಲ್ಲ ಅಥವಾ ಸಕ್ಕರೆ ಜೇಬಿನಲ್ಲಿಟ್ಟುಕೊಂಡಿರಲಿ. ಬೆವರು, ನಡುಕ, ತಲೆಸುತ್ತು ಕಂಡರೆ ಕೂಡಲೇ ಸೇವಿಸಲಿ. ಎದೆಬಿಗಿತ, ಅಸಹಜ ಏದುಸಿರು ಬಂದರೆ ನಿಂತು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಪಾದದ ಸ್ಪರ್ಶ ಮಂದವಾಗಿರುವ ಮಧುಮೇಹಿಗಳು ಹರಕೆಯ ಹೆಸರಿನಲ್ಲಿ ಬರಿಗಾಲಲ್ಲಿ ಕಾದ ಬಂಡೆ, ಡಾಂಬರು ರಸ್ತೆ ತುಳಿಯುವುದು ಬೇಡ. ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ, ತಿಳಿಯುವಷ್ಟರಲ್ಲಿ ಹುಣ್ಣಾಗಿರುತ್ತದೆ. ಪಾದರಕ್ಷೆ ತೊಟ್ಟು ಹೋದ ಮಾತ್ರಕ್ಕೆ ಭಕ್ತಿಗೆ ಕುಂದು ಬಾರದು.

ಮನನ ಮತ್ತು ಅಭ್ಯಾಸ

ಈ ತಿಂಗಳು ಓದುಗರು ಒಂದು ಹಾಳೆ ತೆಗೆದುಕೊಂಡು ಹೀಗೆ ಬರೆಯಲಿ.

1. ನನ್ನ ಆರೋಗ್ಯದ ಒಂದು ಆಸೆ ಯಾವುದು? ಒಂದೇ ಸಾಕು.
2. ಅದಕ್ಕಾಗಿ ನಾನು ಮಾಡಬಲ್ಲ ಕ್ರಿಯೆ ಯಾವುದು? ವಾರಕ್ಕೆ ಎಷ್ಟು ದಿನ, ಎಷ್ಟು ಹೊತ್ತು?
3. ಯಾವ ನಿತ್ಯಕರ್ಮದ ನಂತರ ಅದನ್ನು ಮಾಡುತ್ತೇನೆ?
4. ಲೆಕ್ಕವನ್ನು ಎಲ್ಲಿ ಬರೆಯುತ್ತೇನೆ? ವಾರಕ್ಕೊಮ್ಮೆ ಅದನ್ನು ಯಾರಿಗೆ ತೋರಿಸುತ್ತೇನೆ?
5. ಹನ್ನೆರಡನೆಯ ವಾರ ಯಾವ ಫಲವನ್ನು ಅಳೆಯುತ್ತೇನೆ?

ಹಾಳೆಯನ್ನು ಪೂಜೆಯ ಕೋಣೆಯ ಬಾಗಿಲ ಬಳಿ ಅಂಟಿಸಿ. ಶರಣರು ಕಾಯವನ್ನು ಹೇಯವೆಂದು ತಳ್ಳಲಿಲ್ಲ; ಲಿಂಗವನ್ನು ಧರಿಸುವ ಕಾಯವಾದ್ದರಿಂದ ಅದನ್ನು ಗೌರವಿಸಿದರು. ದುಡಿಯಲು, ದಾಸೋಹ ಮಾಡಲು, ನಾಲ್ಕು ಜನರಿಗೆ ನೆರವಾಗಲು ಇದೊಂದೇ ಸಾಧನ. ಅದನ್ನು ಸುಸ್ಥಿತಿಯಲ್ಲಿಡುವ ಕೆಲಸ ನಾಳೆ ಬೆಳಗಿನ ಇಪ್ಪತ್ತು ನಿಮಿಷದಿಂದ, ಕ್ಯಾಲೆಂಡರಿನ ಮೇಲಿನ ಮೊದಲ ಗೆರೆಯಿಂದ ಆರಂಭವಾಗಲಿ.